ಓಲೆಯ ಬಿಂಬ, ಅಂಕಗಳ ಪಟ
ಪಿಕ್ಸೆಲ್ ಪಟದ ನಿರ್ಮಾಣ ಹಾಗೂ ಸಂಸ್ಕಾರ: ಗ್ರಂಥಸಂಪಾದಕನ ದೃಷ್ಟಿಯಿಂದ ಒಂದು ವಿವೇಚನೆ

ವಿಷಯಪ್ರವೇಶ

ಷಟ್ಖಂಡಾಗಮದ ಸತ್ಪ್ರರೂಪಣೆಯಲ್ಲಿ ಬರುವ ೯೩ನೆಯ ಸೂತ್ರದ 'ಸಂಜದ' ಪದದ ವಿಚಾರವು ನಮ್ಮ ವಿದ್ವಾಂಸರಿಗೆ ಸುಪರಿಚಿತವಾದುದು. ೧೯೩೯ರಲ್ಲಿ ಡಾ. ಹೀರಾಲಾಲ ಜೈನರು ಧವಲಾಟೀಕಾಸಹಿತವಾದ ಪ್ರಥಮ ಸಂಪುಟವನ್ನು ಪ್ರಕಟಿಸಿದಾಗ ಮೂಡಬಿದಿರೆಯ ತಾಡವಾಲೆಗಳು ಅವರಿಗೆ ದೊರೆತಿರಲಿಲ್ಲ. ಅವುಗಳಿಂದ ಇಳಿದುಬಂದ ಪ್ರತಿಗಳನ್ನು ಆಧರಿಸಿಯೇ ಅವರು ಸಂಪಾದನಕಾರ್ಯವನ್ನು ನಡೆಸಬೇಕಾಯಿತು. ಆ ಪ್ರತಿಗಳಲ್ಲಿ ಈ ಪದವಿರಲಿಲ್ಲ. ಅರ್ಥಸಂಗತಿಯನ್ನು ಪರಿಶೀಲಿಸಿ, ಇಲ್ಲಿ ಈ ಪದವು ಇರಬೇಕೆಂದು ತೋರುತ್ತದೆ ಎಂದು ಸಂಪಾದಕರು ಅಡಿಟಿಪ್ಪಣಿಯಲ್ಲಿ ಸೂಚಿಸಿದರು. ಮುಂದೆ ಮೂಡಬಿದಿರೆಯ ಓಲೆಗಳೊಡನೆ ತಾಳೆನೋಡುವ ಅವಕಾಶ ಒದಗಿದಾಗ ಪದವು ಅಲ್ಲಿ ದೊರೆಯಿತು. 'ಸಂಜದಾಸಂಜದ' ಎಂಬುದರ ಬೆನ್ನಿಗೇ ಬರುವ 'ಸಂಜದ' ಲಿಪಿಕಾರನ ಕಣ್ಣಿಗೆ ತಪ್ಪಿಹೋಗುವುದು ಸುಲಭ. ಆದರೆ ಆ ಮೂರು ಅಕ್ಷರಗಳ ಇರವು-ಇಲ್ಲದಿರವುಗಳ ಮೇಲೆ ನಿಂತ ಸಿದ್ಧಾಂತಚರ್ಚೆ ಎಷ್ಟು ಗುರುತರವಾದುದೆಂಬುದನ್ನು ಇಲ್ಲಿ ವಿವರಿಸಬೇಕಾಗಿಲ್ಲ.

ಈಗ ನಮ್ಮ ಭಂಡಾರಗಳ ಓಲೆಗಳು ಹೊಸದೊಂದು ಬಗೆಯ ಪ್ರತಿಯಾಗಿ ಇಳಿಯುತ್ತಿವೆ. ಕ್ಯಾಮರಾ ಅಥವಾ ಸ್ಕ್ಯಾನರ್ ತೆಗೆದ ಬಿಂಬವನ್ನು ಗಣಕಯಂತ್ರದ ಪರದೆಯ ಮೇಲೆ ಓದಿ ಪಾಠನಿರ್ಣಯ ಮಾಡುವ ಪದ್ಧತಿ ರೂಢಿಗೆ ಬಂದಿದೆ. ಬಿಂಬಕ್ಕೆ ಲಿಪಿಕಾರನಿಲ್ಲ, ಆದುದರಿಂದ ಲಿಪಿಕಾರದೋಷವೂ ಇಲ್ಲ ಎಂಬ ಭಾವನೆ ಹಲವರಲ್ಲಿ ಮನೆಮಾಡಿದೆ. ಈ ಭಾವನೆ ಸರಿಯಲ್ಲ. ಬಿಂಬವು ಹೇಗೆ ನಿರ್ಮಿತವಾಗುತ್ತದೆ, ಅದನ್ನು 'ಸ್ಪಷ್ಟ' ಮಾಡುವಾಗ ಒಳಗೆ ಏನು ನಡೆಯುತ್ತದೆ ಎಂಬುದನ್ನು ಅರಿತರೆ, ಇಲ್ಲಿಯೂ ಮಾತೃಕೆ, ಪ್ರತಿ, ಸ್ಖಾಲಿತ್ಯ, ಪಾಠಶೇಷ ಎಲ್ಲವೂ ಇರುವುದು ತಿಳಿಯುತ್ತದೆ. ಅದನ್ನು ತೋರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಪಟದ ಸ್ವರೂಪ

ಗಣಕಯಂತ್ರದಲ್ಲಿ ಚಿತ್ರವೆಂಬುದು ಅಂಕಗಳ ಒಂದು ಚೌಕಟ್ಟು. ಚಿತ್ರವನ್ನು ಅಡ್ಡಸಾಲು ಕಂಬಸಾಲುಗಳಾಗಿ ವಿಭಾಗಿಸಿ, ಒಂದೊಂದು ಮನೆಗೂ ಅಲ್ಲಿಯ ಬೆಳಕಿನ ಪ್ರಮಾಣವನ್ನು ಸೂಚಿಸುವ ಅಂಕವನ್ನು ಬರೆದಿಡುತ್ತಾರೆ. ಈ ಮನೆಗೆ ಪಿಕ್ಸೆಲ್ ಎಂದೂ, ಇಂತಹ ಮನೆಗಳ ಸಮಗ್ರ ಚೌಕಟ್ಟಿಗೆ ಸರ್ಫೇಸ್ ಎಂದೂ ಗಣಕಶಾಸ್ತ್ರಜ್ಞರ ವ್ಯವಹಾರ. ಎರಡನೆಯದನ್ನು ನಾವು ಇಲ್ಲಿ 'ಪಿಕ್ಸೆಲ್ ಪಟ' ಎಂದು ಕರೆಯೋಣ. ೧೯೫೭ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯಲ್ಲಿ ರಸೆಲ್ ಕಿರ್ಷ್ ಎಂಬ ವಿಜ್ಞಾನಿ ತನ್ನ ಕೂಸಿನ ಭಾವಚಿತ್ರವನ್ನು ಈ ರೀತಿ ಅಂಕರೂಪಕ್ಕೆ ಇಳಿಸಿದನು. ಆ ಪಟದಲ್ಲಿದ್ದುದು ೧೭೬ ಸಾಲು, ೧೭೬ ಕಂಬ. ಒಟ್ಟು ೩೦,೯೭೬ ಮನೆಗಳು.

ನಮ್ಮ ವಾಚಕರಿಗೆ ಇದು ತೀರ ಅಪರಿಚಿತವಾದ ಕಲ್ಪನೆಯೇನೂ ಅಲ್ಲ. ಕುಮುದೇಂದುವಿನದೆಂದು ಹೇಳಲಾಗುವ ಸಿರಿಭೂವಲಯದ ಕಾಲವಿಚಾರ ಏನೇ ಇರಲಿ, ಅದರ ಚಕ್ರಗಳ ರಚನೆಯನ್ನು ಎಲ್ಲರೂ ಬಲ್ಲರು. ೨೭ ಸಾಲು, ೨೭ ಕಂಬಗಳಂತೆ ೭೨೯ ಮನೆಗಳು. ಅವುಗಳಲ್ಲಿ ೧ರಿಂದ ೬೪ರವರೆಗಿನ ಅಂಕಗಳು. ಅಂಕವು ಅಕ್ಷರವಾಗುವುದು ಇಂತಹ ಅಂಕಕ್ಕೆ ಇಂತಹ ಅಕ್ಷರವೆಂಬ ಸಂಕೇತವನ್ನೂ, ಇಂತಹ ಬಂಧದಲ್ಲಿ ಓದಬೇಕೆಂಬ ಕ್ರಮವನ್ನೂ ಬಲ್ಲವನಿಗೆ ಮಾತ್ರ. ಪಿಕ್ಸೆಲ್ ಪಟವೂ ಅಂತೆಯೇ. ಅಲ್ಲಿ ಅಂಕಗಳು ೦ಯಿಂದ ೨೫೫ರವರೆಗೆ. ಬಣ್ಣದ ಚಿತ್ರವಾದರೆ ಪ್ರತಿಯೊಂದು ಮನೆಯಲ್ಲೂ ಕೆಂಪು, ಹಸುರು, ನೀಲಿ ಎಂಬ ಮೂರು ಬೆಳಕುಗಳಿಗೆ ಮೂರು ಅಂಕಗಳು. ಮೂರೂ ೦ ಆದರೆ ಕಪ್ಪು, ಮೂರೂ ೨೫೫ ಆದರೆ ಬಿಳಿ. ಈ ಮೂರರ ಸಂಯೋಗದಿಂದ ೧,೬೭,೭೭,೨೧೬ ವರ್ಣಭೇದಗಳು ಸಿದ್ಧಿಸುತ್ತವೆ.

ಪಿಕ್ಸೆಲನ್ನು ನಮ್ಮ ಶಾಸ್ತ್ರದ 'ಪ್ರದೇಶ'ಕ್ಕೆ ಹೋಲಿಸುವ ಮನಸ್ಸಾಗುವುದು ಸಹಜ. ಒಂದೊಂದು ಮನೆಯಲ್ಲಿ ಒಂದೇ ವರ್ಣವೆಂಬ ಮಟ್ಟಿಗೆ ಹೋಲಿಕೆಯೂ ಇದೆ. ಆದರೆ ಪ್ರದೇಶವು ವಸ್ತುತಃ ಅವಿಭಾಜ್ಯವಾದುದು. ಪಿಕ್ಸೆಲಾದರೋ ಯಂತ್ರವು ತನ್ನ ಅನುಕೂಲಕ್ಕಾಗಿ ಗೊತ್ತುಪಡಿಸಿಕೊಂಡ ಅಳತೆ. ಆ ಮನೆಯೊಳಗೆ ಓಲೆಯ ನಾರು, ಮಸಿ, ಹುಳು ಕೊರೆದ ರಂಧ್ರ ಮೂರೂ ಇದ್ದರೂ ಅವೆಲ್ಲವೂ ಬೆರೆತು ಒಂದೇ ಅಂಕವಾಗುತ್ತವೆ. ಆದುದರಿಂದ ಬಿಂಬಗ್ರಹಣದ ಮೊದಲ ಕ್ಷಣದಲ್ಲಿಯೇ ಒಂದು ಬಗೆಯ ಸಂಗ್ರಹಣ ನಡೆದುಹೋಗಿರುತ್ತದೆ.

ಈ ಸಂಗ್ರಹಣದ ಪರಿಣಾಮವನ್ನು ಲೆಕ್ಕದಿಂದ ತಿಳಿಯಬಹುದು. ೪೫ ಸೆಂಟಿಮೀಟರ್ ಉದ್ದ, ೫ ಸೆಂಟಿಮೀಟರ್ ಅಗಲದ ಓಲೆಯನ್ನು ಅಂಗುಲಕ್ಕೆ ೬೦೦ ಪಿಕ್ಸೆಲ್‌ಗಳಂತೆ ಗ್ರಹಿಸಿದರೆ ಸುಮಾರು ೧ ಕೋಟಿ ೨೫ ಲಕ್ಷ ಮನೆಗಳಾಗುತ್ತವೆ. ೪ ಮಿಲಿಮೀಟರ್ ಎತ್ತರದ ಅಕ್ಷರಕ್ಕೆ ಸುಮಾರು ೯೪ ಸಾಲುಗಳು ಸಿಗುತ್ತವೆ. ದಕಾರವನ್ನು ಧಕಾರದಿಂದಲೂ ಪಕಾರವನ್ನು ಫಕಾರದಿಂದಲೂ ಬೇರ್ಪಡಿಸುವ ಕೆಳಗಣ ಸೀಳು ೦.೨ ಮಿಲಿಮೀಟರ್ ಅಗಲವಿದ್ದರೆ ಅದಕ್ಕೆ ದೊರೆಯುವುದು ೫ ಪಿಕ್ಸೆಲ್. ಅದೇ ಓಲೆಯನ್ನು ಅಂಗುಲಕ್ಕೆ ೧೫೦ರಂತೆ ಗ್ರಹಿಸಿದರೆ ಆ ಸೀಳಿಗೆ ಉಳಿಯುವುದು ಒಂದೇ ಒಂದು ಪಿಕ್ಸೆಲ್. ಅಲ್ಪಪ್ರಾಣ ಮಹಾಪ್ರಾಣಗಳ ಭೇದವು ಆಗ ಒಂದು ಅಂಕವನ್ನು ಅವಲಂಬಿಸಿ ನಿಲ್ಲುತ್ತದೆ.

ಪಟದ ನಿರ್ಮಾಣ

ಕಾರ್ಯಕ್ರಮಕಾರನು ಪಟವನ್ನು ನಿರ್ಮಿಸುವಾಗ ಮೂರು ಸಂಗತಿಗಳನ್ನು ನಿಶ್ಚಯಿಸುತ್ತಾನೆ: ಉದ್ದ, ಅಗಲ, ಒಂದು ಪಿಕ್ಸೆಲಿಗೆ ಎಷ್ಟು ಬೈಟುಗಳು ಹಾಗೂ ಅವುಗಳ ಅನುಕ್ರಮವೇನು ಎಂಬುದು. ಅದರಂತೆ ಯಂತ್ರವು ಸ್ಮರಣಕೋಶದಲ್ಲಿ ಸ್ಥಳವನ್ನು ಒದಗಿಸುತ್ತದೆ. ಹೀಗೆ ದೊರೆತ ಸ್ಥಳದಲ್ಲಿ ಹಿಂದಿನ ಕಾರ್ಯದ ಅಂಕಗಳು ಉಳಿದಿರಬಹುದಾದುದರಿಂದ, ಮೊದಲು ಎಲ್ಲ ಮನೆಗಳಿಗೂ ಒಂದೇ ಅಂಕವನ್ನು ತುಂಬಿ ಪಟವನ್ನು ಶುದ್ಧಿಮಾಡುವುದು ಪದ್ಧತಿ. ಹಾಗೆ ಮಾಡದಿದ್ದರೆ ಪಟದಲ್ಲಿ ಎಲ್ಲಿಯದೋ ಕಲೆಗಳು ಕಾಣಿಸಿಕೊಳ್ಳುತ್ತವೆ.

ಸ್ಮರಣಕೋಶದಲ್ಲಿ ಪಟವು ಚೌಕಾಕಾರವಾಗಿ ಇರುವುದಿಲ್ಲ. ಸಾಲಿನ ಹಿಂದೆ ಸಾಲಾಗಿ, ಒಂದೇ ಉದ್ದನೆಯ ಸರಪಣಿಯಂತೆ ಇರುತ್ತದೆ. ಆದುದರಿಂದ ಇಂತಹ ಸಾಲಿನ ಇಂತಹ ಪಿಕ್ಸೆಲ್ ಎಲ್ಲಿದೆಯೆಂದು ತಿಳಿಯಲು ಸಾಲಿನ ಸಂಖ್ಯೆಯನ್ನು ಒಂದು ಸಾಲು ಆಕ್ರಮಿಸುವ ಬೈಟುಗಳಿಂದ ಗುಣಿಸಿ, ಕಂಬದ ಸಂಖ್ಯೆಯನ್ನು ಒಂದು ಪಿಕ್ಸೆಲಿನ ಬೈಟುಗಳಿಂದ ಗುಣಿಸಿ, ಎರಡನ್ನೂ ಕೂಡಿಸಬೇಕು. ಇಲ್ಲಿ ಎಣಿಕೆಯು ಸೊನ್ನೆಯಿಂದ ಆರಂಭವಾಗುತ್ತದೆ.

ಇಲ್ಲಿ ಒಂದು ಸೂಕ್ಷ್ಮವುಂಟು. ಬಿಎಂಪಿ ಎಂಬ ಚಿತ್ರಪ್ರಕಾರದಲ್ಲಿ ಪ್ರತಿ ಸಾಲಿನ ಬೈಟುಗಳ ಸಂಖ್ಯೆಯೂ ೪ರಿಂದ ಭಾಗವಾಗಬೇಕೆಂಬ ನಿಯಮವಿದೆ. ೨೭ ಪಿಕ್ಸೆಲ್ ಉದ್ದದ ಸಾಲಿಗೆ ಮೂರರಂತೆ ೮೧ ಬೈಟುಗಳು ಸಾಕಾದರೂ, ೩ ಬೈಟುಗಳನ್ನು ಬರಿದೆ ತುಂಬಿ ೮೪ ಮಾಡುತ್ತಾರೆ. ಹಾಗಾಗಿ ೧೦ನೆಯ ಸಾಲಿನ ೫ನೆಯ ಪಿಕ್ಸೆಲ್ ೮೪ × ೧೦ + ೩ × ೫, ಅಂದರೆ ೮೫೫ನೆಯ ಸ್ಥಾನದಲ್ಲಿರುತ್ತದೆ. ಇದನ್ನರಿಯದ ಕಾರ್ಯಕ್ರಮಕಾರ ಸಾಲಿಗೆ ೮೧ ಎಂದು ಲೆಕ್ಕಹಾಕಿದರೆ ಪ್ರತಿ ಸಾಲೂ ತನ್ನ ಹಿಂದಿನದಕ್ಕಿಂತ ಒಂದು ಪಿಕ್ಸೆಲ್ ಜರುಗಿ, ನೇರವಾದ ಗೀಟು ಓರೆಯಾಗುತ್ತದೆ. ಭೂವಲಯದ ಚಕ್ರವನ್ನು ಸಾಲಿಗೆ ೨೭ರ ಬದಲು ೨೬ ಮನೆಗಳೆಂದು ಓದಿದರೆ ಏನಾಗುವುದೋ ಇಲ್ಲಿಯೂ ಅದೇ ಆಗುತ್ತದೆ. ಹಾಗೆಯೇ ಬಿಎಂಪಿಯಲ್ಲಿ ಬಣ್ಣಗಳ ಅನುಕ್ರಮ ನೀಲಿ, ಹಸುರು, ಕೆಂಪು ಎಂದಿದೆ. ಕೆಂಪನ್ನು ಮೊದಲೆಂದು ಭಾವಿಸಿದರೆ ಕಾಗದದ ಪ್ರತಿಯ ಇಂಗಳೀಕದ ದಂಡಗಳು ನೀಲಿಯಾಗಿ ತೋರುತ್ತವೆ.

ಈ ದೋಷಗಳು ಸ್ಥೂಲವಾದವು, ನೋಡಿದೊಡನೆ ತಿಳಿಯುವಂಥವು. ಅಂಕಗಳು ಕೆಡದೆ ಓದು ಮಾತ್ರ ಕೆಟ್ಟಿರುವುದರಿಂದ ಇವನ್ನು ತಿದ್ದಬಹುದು. ಸಂಪಾದಕನು ಅಂಜಬೇಕಾದುದು ಕಣ್ಣಿಗೆ ಸೊಗಸಾಗಿ ತೋರುತ್ತಲೇ ಅಂಕಗಳನ್ನು ನಾಶಪಡಿಸುವ ಸಂಸ್ಕಾರಗಳಿಗೆ.

ಸಂಸ್ಕಾರಗಳು ಮತ್ತು ಅವುಗಳಿಂದಾಗುವ ಹಾನಿ

ಮೊದಲನೆಯದು ಬೆಳಕನ್ನು ಹೆಚ್ಚಿಸುವುದು. ಕಪ್ಪಾದ ಓಲೆಯ ಪಟದಲ್ಲಿ ಪ್ರತಿ ಅಂಕಕ್ಕೂ ೩೦ ಕೂಡಿಸಿದೆವೆನ್ನೋಣ. ೨೫೫ನ್ನು ಮೀರುವ ಅಂಕಗಳನ್ನು ೨೫೫ಕ್ಕೇ ನಿಲ್ಲಿಸಬೇಕಾಗುತ್ತದೆ. ಹಾಗೆ ನಿಲ್ಲಿಸದಿದ್ದರೆ ೨೫೦ ಎಂಬ ಹೊಳಪಿನ ಅಂಕವು ೨೮೦ ಆಗುವ ಬದಲು ಸುತ್ತಿಬಂದು ೨೪ ಎಂಬ ಕಪ್ಪಾಗುವುದು. ನಿಲ್ಲಿಸಿದರೆ ೨೪೦ ಮತ್ತು ೨೫೦ ಎರಡೂ ೨೫೫ ಆಗುತ್ತವೆ. ಆಮೇಲೆ ೩೦ ಕಳೆದರೆ ಎರಡೂ ೨೨೫. ಮೊದಲಿದ್ದ ೧೦ರ ಅಂತರ ಎಂದೆಂದಿಗೂ ಅಳಿಯಿತು. ಮಸಿಯೆಲ್ಲ ಉದುರಿಹೋಗಿ ಕಂಟದ ಗೆರೆಯ ನೆರಳಷ್ಟೇ ಉಳಿದಿರುವ ಅಕ್ಷರಕ್ಕೆ ಆ ೧೦ರ ಅಂತರವೇ ಸರ್ವಸ್ವ.

ಎರಡನೆಯದು ದ್ವಿವರ್ಣೀಕರಣ, ಅಂದರೆ ಒಂದು ಸೀಮಾಂಕವನ್ನು ಗೊತ್ತುಪಡಿಸಿ ಅದಕ್ಕಿಂತ ಕಡಿಮೆಯಾದುದೆಲ್ಲವನ್ನೂ ಕಪ್ಪೆಂದೂ ಹೆಚ್ಚಾದುದೆಲ್ಲವನ್ನೂ ಬಿಳಿಯೆಂದೂ ಮಾಡುವುದು. ಜಪಾನಿನ ನೊಬುಯುಕಿ ಓಟ್ಸು ೧೯೭೯ರಲ್ಲಿ ಪ್ರಕಟಿಸಿದ ವಿಧಾನವು ಪಟದ ಎಲ್ಲ ಅಂಕಗಳನ್ನೂ ಎರಡು ವರ್ಗಗಳಾಗಿ ಒಡೆದು, ವರ್ಗಗಳ ನಡುವಣ ಭೇದವು ಅತ್ಯಧಿಕವಾಗುವ ಸೀಮಾಂಕವನ್ನು ತಾನಾಗಿ ಆರಿಸುತ್ತದೆ. ಅಚ್ಚಿನ ಪುಟಕ್ಕೆ ಇದು ಉತ್ತಮವಾದ ವಿಧಾನ. ಓಲೆಗೆ ಹಾಗಲ್ಲ. ಓಲೆಯ ಮೈ ೧೫೦, ಗಟ್ಟಿ ಮಸಿಯ ಅಕ್ಷರ ೬೦, ಮಾಸಿದ ಗೆರೆ ೧೨೦, ಎಣ್ಣೆಯ ಕಲೆ ೧೧೦ ಎಂದಿಟ್ಟುಕೊಂಡು ಸೀಮಾಂಕವನ್ನು ೧೧೫ ಎಂದರೆ, ಮಾಸಿದ ಗೆರೆ ಬಿಳಿಯಾಗಿ ಮಾಯವಾಗುತ್ತದೆ. ಕಲೆಯು ಅಕ್ಷರದಷ್ಟೇ ಕಪ್ಪಾಗಿ ನಿಲ್ಲುತ್ತದೆ. ಇದ್ದುದು ಲೋಪವಾಗಿ ಇಲ್ಲದುದು ಪ್ರಕ್ಷೇಪವಾಯಿತು.

ಮೂರನೆಯದು ಚುಕ್ಕೆಗಳ ನಿವಾರಣೆ. ಪ್ರತಿಯೊಂದು ಪಿಕ್ಸೆಲನ್ನೂ ಅದರ ಸುತ್ತಲಿನ ಎಂಟರೊಡನೆ ಸೇರಿಸಿ, ಆ ಒಂಬತ್ತು ಅಂಕಗಳನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿ, ನಡುವಣ ಐದನೆಯ ಅಂಕವನ್ನು ಅದರ ಸ್ಥಾನದಲ್ಲಿ ಬರೆಯುವುದು ಒಂದು ಪ್ರಸಿದ್ಧ ಕ್ರಮ. ಒಂಟಿ ಧೂಳಿನ ಚುಕ್ಕೆ ಇದರಿಂದ ಹೋಗುತ್ತದೆ. ಆದರೆ ಒಂದೇ ಪಿಕ್ಸೆಲ್ ಅಗಲದ ಗೆರೆಯ ಮೇಲೆ ಈ ಕ್ರಮವನ್ನು ನಡೆಸಿದರೆ ಒಂಬತ್ತರಲ್ಲಿ ಕಪ್ಪು ಮೂರು, ಬಿಳಿ ಆರು, ನಡುವಣದು ಬಿಳಿ. ಗೆರೆಯೇ ಅಳಿದುಹೋಗುತ್ತದೆ. ಮೇಲೆ ಹೇಳಿದ ಧಕಾರದ ಸೀಳು ಒಂದು ಪಿಕ್ಸೆಲ್ ಅಗಲವಿದ್ದರೆ ಅದಕ್ಕೂ ಇದೇ ಗತಿ, ಅಲ್ಲಿ ಬಿಳಿಯು ಕಪ್ಪಿನೊಳಗೆ ಮುಚ್ಚಿಹೋಗುತ್ತದೆ. ಧಕಾರವು ದಕಾರವಾಗಿ ಓದುಗನ ಮುಂದೆ ನಿಸ್ಸಂದೇಹವಾಗಿ ನಿಲ್ಲುತ್ತದೆ. ಸಂದೇಹಕ್ಕೆ ಎಡೆಯಿಲ್ಲದಂತೆ ಮಾಡುವುದೇ ಈ ದೋಷದ ಅಪಾಯ.

ನಾಲ್ಕನೆಯದು ಒಂದು ಪಟದ ಭಾಗವನ್ನು ಮತ್ತೊಂದರ ಮೇಲೆ ಇಡುವುದು. ತುಂಡಾದ ಓಲೆಯ ಎರಡು ಬಿಂಬಗಳನ್ನು ಜೋಡಿಸುವಾಗ ಇದು ಬೇಕಾಗುತ್ತದೆ. ಅಂಚುಗಳು ನುಣುಪಾಗಿ ಕೂಡಲೆಂದು ಮೇಲಿನದರ ಒಂದು ಪಾಲನ್ನೂ ಕೆಳಗಿನದರ ಉಳಿದ ಪಾಲನ್ನೂ ಬೆರೆಸುತ್ತಾರೆ. ಈ ಮಿಶ್ರಣದ ಗಣಿತವನ್ನು ಥಾಮಸ್ ಪೋರ್ಟರ್ ಮತ್ತು ಟಾಮ್ ಡಫ್ ೧೯೮೪ರಲ್ಲಿ ಕ್ರಮಬದ್ಧವಾಗಿ ನಿರೂಪಿಸಿದರು. ೬೦ರ ನೂರಕ್ಕೆ ೪೦ ಪಾಲು, ೧೬೦ರ ನೂರಕ್ಕೆ ೬೦ ಪಾಲು ಬೆರೆತರೆ ೧೨೦. ಆದರೆ ೮೦ ಮತ್ತು ೧೬೦ ಸಮಪಾಲಾಗಿ ಬೆರೆತರೂ ೧೨೦ ಬರುತ್ತದೆ. ೧೨೦ನ್ನು ನೋಡಿ ಅದರ ಮೂಲವನ್ನು ಹೇಳಲಾಗದು. ಸೇರುವೆಯ ಮೇಲೆ ಹೀಗೆ ಹುಟ್ಟಿದ ಬೂದುಬಣ್ಣದ ಗೆರೆ ಮಾಸಿದ ಅಕ್ಷರಭಾಗದಂತೆ ತೋರಬಹುದಾದುದರಿಂದ, ತುಂಡುಗಳನ್ನು ಬೆರೆಸದೆ, ಸೇರುವೆಯು ಸ್ಪಷ್ಟವಾಗಿ ಕಾಣುವಂತೆ ಜೋಡಿಸುವುದೇ ಲೇಸು.

ಐದನೆಯದು ಸಂಕೋಚನ. ೧೯೯೨ರಲ್ಲಿ ಮಾನಕವಾದ ಜೆಪೆಗ್ ವಿಧಾನವು ಪಟವನ್ನು ೮ × ೮ರ ಚೌಕಗಳಾಗಿ ಒಡೆದು, ಕಣ್ಣಿಗೆ ಅಷ್ಟಾಗಿ ತೋರದ ಸೂಕ್ಷ್ಮಭೇದಗಳನ್ನು ತ್ಯಜಿಸುತ್ತದೆ. ತಿದ್ದಿ ಮತ್ತೆ ಮತ್ತೆ ಉಳಿಸಿದಂತೆ ನಷ್ಟವೂ ಬೆಳೆಯುತ್ತದೆ. ಪ್ರತಿಯಿಂದ ಪ್ರತಿಗೆ ಪಾಠ ಸವೆಯುವ ರೀತಿಯೇ ಇದು. ಇದಕ್ಕಿಂತ ವಿಸ್ಮಯಕರವಾದ ಒಂದು ಸಂಗತಿ ೨೦೧೩ರಲ್ಲಿ ಬೆಳಕಿಗೆ ಬಂದಿತು. ಝೆರಾಕ್ಸ್ ಕಂಪನಿಯ ಕೆಲವು ಯಂತ್ರಗಳು ಸ್ಕ್ಯಾನ್ ಮಾಡಿದ ದಾಖಲೆಗಳಲ್ಲಿ ೬ ಇದ್ದೆಡೆ ೮ ಎಂದು ತೋರಿಸುತ್ತಿದ್ದುದನ್ನು ಜರ್ಮನಿಯ ಡೇವಿಡ್ ಕ್ರೀಸೆಲ್ ಎಂಬ ಗಣಕಶಾಸ್ತ್ರಜ್ಞರು ಪತ್ತೆಮಾಡಿದರು. ಸ್ಥಳದ ಮಿತವ್ಯಯಕ್ಕಾಗಿ ಆ ವಿಧಾನವು ಒಂದೇ ಬಗೆಯಾಗಿ ಕಾಣುವ ಅಕ್ಷರಖಂಡಗಳನ್ನು ಒಮ್ಮೆ ಮಾತ್ರ ಉಳಿಸಿಕೊಂಡು ಉಳಿದೆಡೆಗಳಲ್ಲಿ ಅದನ್ನೇ ಇರಿಸುತ್ತಿತ್ತು. ಅಲ್ಪಭೇದವಿದ್ದ ಅಂಕಿಗಳನ್ನು ಒಂದೇ ಎಂದು ಎಣಿಸಿತ್ತು. ಮಸುಕಾಗಿದ್ದರೆ ಓದುಗನು ಸಂಶಯಪಡುತ್ತಿದ್ದನು. ಯಂತ್ರವು ಕೊಟ್ಟುದು ಸ್ಫುಟವಾದ, ಆದರೆ ತಪ್ಪಾದ ಅಂಕಿಯನ್ನು. ಸದೃಶಲಿಪಿಯಿಂದ ಭ್ರಾಂತನಾದ ಲಿಪಿಕಾರನೂ ಮಾಡುವುದು ಇದನ್ನೇ ಅಲ್ಲವೆ?

ಸಂಸ್ಕಾರದ ಪ್ರಯೋಜನ

ಇಷ್ಟರಿಂದ ಸಂಸ್ಕಾರವೇ ತ್ಯಾಜ್ಯವೆಂದು ತಿಳಿಯಬಾರದು. ಅದು ಎಂತಹ ಉಪಕಾರವನ್ನು ಮಾಡಬಲ್ಲುದೆಂಬುದಕ್ಕೆ ಆರ್ಕಿಮಿಡೀಸನ ಚರ್ಮಗ್ರಂಥವು ನಿದರ್ಶನ. ೧೦ನೆಯ ಶತಮಾನದ ಆ ಗ್ರೀಕ್ ಪ್ರತಿಯ ಅಕ್ಷರಗಳನ್ನು ೧೩ನೆಯ ಶತಮಾನದಲ್ಲಿ ಕೆರೆದು, ಅದೇ ಹಾಳೆಗಳ ಮೇಲೆ ಕ್ರೈಸ್ತಪ್ರಾರ್ಥನೆಗಳನ್ನು ಬರೆದಿದ್ದರು. ೧೯೯೮ರಲ್ಲಿ ಹರಾಜಾದ ಆ ಗ್ರಂಥವನ್ನು ಬಾಲ್ಟಿಮೋರ್ ನಗರದ ವಾಲ್ಟರ್ಸ್ ಕಲಾಸಂಗ್ರಹಾಲಯದಲ್ಲಿಟ್ಟು ವಿದ್ವಾಂಸರು ಬೇರೆ ಬೇರೆ ಬೆಳಕುಗಳಲ್ಲಿ ಬಿಂಬಗಳನ್ನು ತೆಗೆದರು. ಕೆಂಪು ಬೆಳಕಿನಲ್ಲಿ ಕೆರೆದ ಅಕ್ಷರಗಳು ಬಹುಮಟ್ಟಿಗೆ ಕಾಣಿಸುತ್ತಿರಲಿಲ್ಲ; ನೇರಳಾತೀತ ಬೆಳಕಿನಲ್ಲಿ ಹಳೆಯ ಮತ್ತು ಹೊಸ ಬರವಣಿಗೆಗಳೆರಡೂ ಕಪ್ಪಾಗಿ ಕಂಡವು. ಆಗ ಅವರು ಹೊಸದೊಂದು ಪಟವನ್ನು ನಿರ್ಮಿಸಿ, ಕೆಂಪಿನ ಮನೆಗೆ ಮೊದಲ ಬಿಂಬದ ಅಂಕಗಳನ್ನೂ, ಹಸುರು ನೀಲಿಗಳ ಮನೆಗಳಿಗೆ ಎರಡನೆಯ ಬಿಂಬದ ಅಂಕಗಳನ್ನೂ ತುಂಬಿದರು. ಹಾಳೆಯ ಮೈ ಮೂರರಲ್ಲೂ ಹೊಳಪಾದುದರಿಂದ ತಿಳಿಯಾಗಿಯೂ, ಮೇಲಿನ ಬರಹ ಮೂರರಲ್ಲೂ ಕಪ್ಪಾದುದರಿಂದ ಕಪ್ಪಾಗಿಯೂ, ಅಡಗಿದ್ದ ಗಣಿತಗ್ರಂಥವು ಕೆಂಪಿನಲ್ಲಿ ಮಾತ್ರ ಹೊಳಪಾದುದರಿಂದ ಕೆಂಪಾಗಿಯೂ ಎದ್ದು ತೋರಿತು. ಈ ಕಾರ್ಯದಲ್ಲಿ ಪಾಲ್ಗೊಂಡ ರೋಜರ್ ಈಸ್ಟನ್ ಅವರೇ ಮುಂದೆ ಪಿ. ಆರ್. ಮುಕುಂದ ಅವರೊಡನೆ ಸೇರಿ ಮಧ್ವಾಚಾರ್ಯರ ಸರ್ವಮೂಲಗ್ರಂಥಗಳ ಓಲೆಗಳ ಬಿಂಬಗ್ರಹಣವನ್ನು ಕೈಕೊಂಡರು. ಕಾಡಿಗೆಯ ಇಂಗಾಲವು ಅವಕೆಂಪು ಕಿರಣಗಳನ್ನು ಹೀರುವುದರಿಂದಲೂ, ಕಂದಿದ ಓಲೆಯ ಮೈ ಅವನ್ನು ಬಹುಮಟ್ಟಿಗೆ ಪ್ರತಿಫಲಿಸುವುದರಿಂದಲೂ ಅಂತಹ ಬಿಂಬದಲ್ಲಿ ಅಕ್ಷರಗಳು ಬೇರ್ಪಟ್ಟು ತೋರುತ್ತವೆ.

ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಪಟದಲ್ಲಿ ತೋರುವ ಆ ಕೆಂಪು ಚರ್ಮಗ್ರಂಥದ ಮಸಿಯ ಬಣ್ಣವಲ್ಲ. ಕೆಂಪು ಬಣ್ಣವು ಎರಡು ಬಿಂಬಗಳ ಅಂತರವನ್ನು ಸೂಚಿಸುವ ವಿದ್ವಾಂಸರ ವ್ಯಾಖ್ಯಾನ. ಆದುದರಿಂದಲೇ ಅವರು ಸಂಸ್ಕರಿಸಿದ ಪಟಗಳನ್ನಷ್ಟೇ ಕೊಡದೆ ಮೂಲಬಿಂಬಗಳನ್ನೂ ೨೦೦೮ರಲ್ಲಿ ಎಲ್ಲರಿಗೂ ದೊರೆಯುವಂತೆ ಪ್ರಕಟಿಸಿದರು. ಮೂಲಪಟವು ಸೂತ್ರವಾದರೆ ಸಂಸ್ಕೃತಪಟವು ಟೀಕೆ. ಟೀಕೆಯಿಲ್ಲದೆ ಸೂತ್ರಾರ್ಥವು ತಿಳಿಯದಿರಬಹುದು. ಆದರೆ ಟೀಕೆಯನ್ನು ಸೂತ್ರದ ಸ್ಥಾನದಲ್ಲಿ ಕುಳ್ಳಿರಿಸತಕ್ಕದ್ದಲ್ಲ. ಪ್ರತಿಯೊಂದು ಸಂಸ್ಕಾರವೂ ಒಂದು ನಯ. ತನ್ನ ವಿಷಯವನ್ನು ತೋರಿಸುತ್ತಲೇ ಇತರ ವಿಷಯಗಳನ್ನು ಅದು ಗೌಣಮಾಡುತ್ತದೆ. ಇತರವನ್ನು ನಿರಾಕರಿಸಿದಾಗ ಅದು ದುರ್ನಯವಾಗುತ್ತದೆ.

ಸಂಪಾದಕರು ಪಾಲಿಸತಕ್ಕ ನಿಯಮಗಳು

ಮೇಲಿನ ವಿವೇಚನೆಯಿಂದ ಈ ಐದು ನಿಯಮಗಳು ಫಲಿಸುತ್ತವೆ.

೧. ಓಲೆಯಿಂದ ಮೊದಲು ದೊರೆತ ಪಟವನ್ನು ಟಿಫ್ ಅಥವಾ ಪಿಎನ್‌ಜಿಯಂತಹ, ಅಂಕನಷ್ಟವಿಲ್ಲದ ರೂಪದಲ್ಲಿ ಉಳಿಸಿ, ಅದನ್ನು ಎಂದೂ ತಿದ್ದಕೂಡದು. ಹಿಂದಿನ ಲಿಪಿಕಾರರು ೩೨ ಅಕ್ಷರಗಳಿಗೆ ಒಂದು ಗ್ರಂಥದಂತೆ ಎಣಿಸಿ ಕೊನೆಯಲ್ಲಿ ಗ್ರಂಥಸಂಖ್ಯೆಯನ್ನು ಬರೆಯುತ್ತಿದ್ದರಷ್ಟೆ. ಅದರಂತೆ ಪಟದ ಎಲ್ಲ ಅಂಕಗಳಿಂದ ಲೆಕ್ಕಹಾಕಿ ಪಡೆಯುವ ಎಸ್‌ಎಚ್‌ಎ-೨೫೬ ಎಂಬ ಮುದ್ರಾಂಕವನ್ನು ಸೂಚಿಯಲ್ಲಿ ದಾಖಲಿಸಬೇಕು. ಒಂದು ಅಂಕ ಬದಲಾದರೂ ಮುದ್ರಾಂಕವು ಬೇರೆಯಾಗುವುದು.

೨. ಪ್ರತಿ ಸಂಸ್ಕಾರವನ್ನೂ ಹೊಸ ಪಟದ ಮೇಲೆ ನಡೆಸಿ, ಯಾವ ಕ್ರಮ, ಯಾವ ಸೀಮಾಂಕ, ಯಾವ ಅನುಕ್ರಮ ಎಂಬುದನ್ನು ಬರೆದಿಡಬೇಕು.

೩. ದ್ವಿವರ್ಣಪಟವನ್ನು ಮಾತ್ರ ಆಧರಿಸಿ ಪಾಠವನ್ನು ನಿರ್ಣಯಿಸಬಾರದು.

೪. ಅಡಿಟಿಪ್ಪಣಿಯಲ್ಲಿ ಓಲೆಯಲ್ಲಿಯೇ ಕಂಡ ಪಾಠ, ಮೂಲಪಟದಲ್ಲಿ ಕಂಡ ಪಾಠ, ಸಂಸ್ಕೃತಪಟದಲ್ಲಿ ಮಾತ್ರ ಕಂಡ ಪಾಠ ಎಂಬ ಮೂರನ್ನು ಬೇರೆ ಬೇರೆ ಸಂಕೇತಗಳಿಂದ ತೋರಿಸಬೇಕು.

೫. ಅರ್ಥಭೇದವನ್ನುಂಟುಮಾಡುವ ಸ್ಥಳಗಳಲ್ಲಿ ಓಲೆಯನ್ನೇ ಓರೆಬೆಳಕಿನಲ್ಲಿ ಹಿಡಿದು ಪ್ರತ್ಯಕ್ಷವಾಗಿ ಪರೀಕ್ಷಿಸಬೇಕು.

ಬಿಂಬವು ದೊರೆತ ಮೇಲೆ ಓಲೆಯ ಅಗತ್ಯವಿಲ್ಲವೆಂಬ ಮಾತು ಕೆಲವೆಡೆ ಕೇಳಿಬರುತ್ತಿದೆ. ಹಾಗೆ ಹೇಳುವವರು ೯೩ನೆಯ ಸೂತ್ರದ ಇತಿಹಾಸವನ್ನು ನೆನೆಯುವುದು ಒಳಿತು. ಅಂದು ಪ್ರತಿಗಳಲ್ಲಿ ತಪ್ಪಿಹೋದ ಪದವನ್ನು ಮರಳಿ ಕೊಟ್ಟುದು ಶತಮಾನಗಳ ಕಾಲ ಕಟ್ಟಿನಲ್ಲಿ ಉಳಿದಿದ್ದ ಮೂಡಬಿದಿರೆಯ ಓಲೆ. ನಾವು ಇಂದು ನಿರ್ಮಿಸುತ್ತಿರುವ ಪಟಗಳೂ ಮುಂದಿನ ಸಂಪಾದಕರಿಗೆ ಪ್ರತಿಗಳೇ ಆಗುವುವು. ಅವುಗಳಲ್ಲಿ ಯಾವ ಪದ ತಪ್ಪಿದೆಯೆಂಬುದನ್ನು ಅವರು ಕಂಡುಹಿಡಿಯಬೇಕಾದರೆ ಓಲೆಯೂ ಉಳಿದಿರಬೇಕು, ಓಲೆಯಿಂದ ಪಟವಾದ ಬಗೆಯ ದಾಖಲೆಯೂ ಉಳಿದಿರಬೇಕು. ಭಂಡಾರಗಳ ಅಧಿಕಾರಿಗಳೂ ವಿದ್ವಾಂಸರೂ ಈ ವಿಷಯವನ್ನು ಪರ್ಯಾಲೋಚಿಸಬೇಕೆಂದು ವಿನಂತಿ.